ರೂಪಾಯಿಗೆ ಆರು ಪೈಸೆ: ನಮ್ಮ ಶಾಖಾ ಗ್ರಂಥಾಲಯ ಬಳಸಿ ಕಂಡದ್ದು

ಸೇವೆ: ಸಾರ್ವಜನಿಕ ಗ್ರಂಥಾಲಯದ ಒಂದು ಶಾಖೆ, ದಾವಣಗೆರೆ
ಬಳಕೆ: 1997ರ ಆಸುಪಾಸಿನಿಂದ
ಅಂಕ: ಐದಕ್ಕೆ ಮೂರೂವರೆ

ಸಾರ್ವಜನಿಕ ಗ್ರಂಥಾಲಯವನ್ನು ಪುಕ್ಕಟೆ ಸೇವೆ ಎನ್ನುವವರು ತಮ್ಮ ಮನೆ ಕಂದಾಯದ ರಸೀದಿಯನ್ನು ಒಮ್ಮೆ ಕನ್ನಡಕ ಹಾಕಿಕೊಂಡು ಓದಬೇಕು. ಆಸ್ತಿ ತೆರಿಗೆಯ ಜೊತೆಗೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಎಂದು ಸೇರಿಸಿ ವಸೂಲು ಮಾಡುತ್ತಾರೆ. ಐದು ಸಾವಿರ ರೂಪಾಯಿ ತೆರಿಗೆ ಇರುವವನು ಗ್ರಂಥಾಲಯಕ್ಕೆಂದು ಮುನ್ನೂರು ರೂಪಾಯಿ ಕಟ್ಟಿರುತ್ತಾನೆ, ಅವನು ಜನ್ಮದಲ್ಲಿ ಒಮ್ಮೆಯೂ ಅದರ ಬಾಗಿಲು ತುಳಿಯದಿದ್ದರೂ. (ಓದುವವರಿಗೆ ಭಿಕ್ಷುಕರ ದುಪ್ಪಟ್ಟು ಸಿಗುತ್ತಿದೆ ಎಂದು ಹಿಗ್ಗುವ ಮುಂಚೆ ಪೂರ್ತಿ ಓದಿ.) ನಾನು ಮಂಡಿಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಕೊಟ್ಟ ದುಡ್ಡಿಗೆ ಬಂದ ಮಾಲು ಎಂಥದ್ದು ಎಂದು ನೋಡುವುದು ಕಸುಬಿನಿಂದ ಅಂಟಿದ ಚಟ. ಹೋಟೆಲಿಗೆ, ಮಿಕ್ಸಿಗೆ, ಮೊಬೈಲಿಗೆ ಎಲ್ಲರೂ ವಿಮರ್ಶೆ ಬರೆಯುತ್ತಾರೆ. ನನ್ನ ಜೀವನದಲ್ಲಿ ಅತಿ ಹೆಚ್ಚು ಕಾಲ ಬಳಸಿದ ಸೇವೆ ಇದು, ಇದಕ್ಕೂ ಒಂದು ಇರಲಿ.

ಶಾಖೆಯ ಹೆಸರು ಬರೆಯುವುದಿಲ್ಲ. ದೂರುಗಳೂ ಇವೆ, ಅದರ ಬಿಸಿ ಅಲ್ಲಿ ದುಡಿಯುವವರಿಗೆ ತಟ್ಟುವುದು ಬೇಡ.

ದಾವಣಗೆರೆ ಜಿಲ್ಲೆಯಾದ ಹೊಸದರಲ್ಲಿ ನಾನು ಸದಸ್ಯನಾದೆ. ಠೇವಣಿ ಕಟ್ಟಿದರೆ ರಟ್ಟಿನ ಕಾರ್ಡು ಕೊಡುತ್ತಿದ್ದರು. ಒಂದು ಕಾರ್ಡಿಗೆ ಒಂದು ಪುಸ್ತಕ, ಹದಿನೈದು ದಿನ. ಆಗಿನ ಗ್ರಂಥಪಾಲಕರು ಮೇಜಿನಿಂದ ಏಳುತ್ತಿದ್ದುದು ಕಡಿಮೆ. ಬೀರುಗಳ ಬೀಗದ ಕೈ ಅವರ ಬಳಿ, ಯಾವ ಪುಸ್ತಕ ಎಲ್ಲಿದೆ ಎಂಬುದು ಅವರ ತಲೆಯಲ್ಲಿ. ಬೆಳಗಿನ ಓದುಗರು ಬಹುಪಾಲು ಹತ್ತಿ ಗಿರಣಿಗಳಿಂದ ಹೊರಬಿದ್ದವರು. ಒಂದೇ ದಿನಪತ್ರಿಕೆಯ ಹಾಳೆಗಳನ್ನು ಬಿಡಿಸಿಕೊಂಡು ನಾಲ್ಕು ಜನ ಓದಿ, ಹಾಳೆ ಬದಲಾಯಿಸಿಕೊಂಡು, ರಾಜಕೀಯದ ಮೇಲೆ ಪಿಸುದನಿಯಲ್ಲಿ ಜಗಳವಾಡುತ್ತಿದ್ದರು. ಸಂಜೆ ಕಾದಂಬರಿಯ ಗಿರಾಕಿಗಳು: ಶಾಲೆಯ ಮೇಷ್ಟರುಗಳು, ಅಂಗಡಿ ಗುಮಾಸ್ತರು, ಮನೆಯಲ್ಲಿರುವ ಹೆಂಡತಿಗಾಗಿ ಧಾರಾವಾಹಿ ಕಾದಂಬರಿ ಒಯ್ಯುವ ಗಂಡಂದಿರು. ಹೆಂಗಸರು ತಾವಾಗಿ ಬಂದು ಕೂರುತ್ತಿದ್ದುದು ಅಪರೂಪ.

ಇವತ್ತು ಆ ಶಾಖೆಗೆ ಹೋದರೆ ಕಾಣುವುದು ಬೇರೆಯೇ ಲೋಕ. ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ಇಪ್ಪತ್ತು ಮೂವತ್ತು ಹುಡುಗ ಹುಡುಗಿಯರು ನಿಂತಿರುತ್ತಾರೆ. ಬೆನ್ನಿಗೆ ಬ್ಯಾಗು, ಬ್ಯಾಗಿನಲ್ಲಿ ನೀರಿನ ಬಾಟಲಿ, ಕೋಚಿಂಗ್ ಸೆಂಟರಿನ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬಂದು ಕೋಣೆ ಹಿಡಿದು ಓದುವವರು ಇವರಲ್ಲಿ ಹೆಚ್ಚು. ಪಿಡಿಒ, ಎಫ್‌ಡಿಎ, ಪೊಲೀಸ್, ಶಿಕ್ಷಕರ ಅರ್ಹತಾ ಪರೀಕ್ಷೆ, ಒಂದಲ್ಲ ಒಂದರ ತಯಾರಿ. ಗ್ರಂಥಾಲಯದ ಪುಸ್ತಕವನ್ನು ಇವರು ಮುಟ್ಟುವುದೇ ಇಲ್ಲ ಎಂದರೆ ತಪ್ಪಾಗದು. ಇವರಿಗೆ ಬೇಕಾದದ್ದು ಕುರ್ಚಿ, ಮೇಜು, ಬೆಳಕು, ಮೊಬೈಲಿಗೆ ಒಂದು ಪ್ಲಗ್ಗು, ಮತ್ತು ಮನೆಯಲ್ಲಿ ಸಿಗದ ನಿಶ್ಶಬ್ದ. ಊರಿನಲ್ಲಿ ಇದೇ ಕುರ್ಚಿ-ಮೇಜನ್ನು ತಿಂಗಳ ಬಾಡಿಗೆಗೆ ಕೊಡುವ ಖಾಸಗಿ ಓದುಕೋಣೆಗಳು ಎದ್ದಿವೆ. ಅಲ್ಲಿ ಎ.ಸಿ. ಇದೆ. ಇಲ್ಲಿಗೆ ಬರುವವರು ಆ ಬಾಡಿಗೆಗೆ ದುಡ್ಡು ಹುಟ್ಟದವರು.

ಹಳೆಯ ಸದಸ್ಯರಲ್ಲಿ ಕೆಲವರಿಗೆ ಇದು ಸಹಿಸದು. ‘ಇದು ಗ್ರಂಥಾಲಯವೋ ಛತ್ರವೋ’ ಎಂದು ಗೊಣಗುತ್ತಾರೆ. ನನಗೆ ಹಾಗನ್ನಿಸಿಲ್ಲ. 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ ಮುಂದಿನ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅಷ್ಟೂ ಕಾಲ ಅದೇ ಮುಖಗಳು ಅದೇ ಕುರ್ಚಿಗಳಲ್ಲಿ ಇದ್ದವು. ಒಬ್ಬ ಹುಡುಗ ನಡುವೆ ಮದುವೆಯಾಗಿ ಬಂದ. ಊರಿಗೆ ಹೋದರೆ ‘ಇನ್ನೂ ಓದುತ್ತಲೇ ಇದ್ದೀಯಾ’ ಎಂದು ಕೇಳುವವರೇ ಎಲ್ಲ. ಇಲ್ಲಿ ಯಾರೂ ಕೇಳುತ್ತಿರಲಿಲ್ಲ. ಯಾರಿಗೂ ಲೆಕ್ಕ ಒಪ್ಪಿಸದೆ ಗಂಟೆಗಟ್ಟಲೆ ಕುಳಿತುಕೊಳ್ಳಬಹುದಾದ ಜಾಗ ನಮ್ಮ ಊರಿನಲ್ಲಿ ಇನ್ನೆಷ್ಟಿದೆ? ಹೋಟೆಲಿನಲ್ಲಿ ಚಹಾ ಮುಗಿದ ಮೇಲೆ ಮಾಣಿ ಮೇಜು ಒರೆಸಲು ಬರುತ್ತಾನೆ.

ಆದರೆ ತಕರಾರು ಇಲ್ಲವೆಂದಲ್ಲ. ಬೆಳಿಗ್ಗೆ ಬಂದವರು ಖಾಸಗಿ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಂತೆ ಬ್ಯಾಗು ಇಟ್ಟು ತಿಂಡಿಗೆ ಹೋಗುತ್ತಾರೆ. ಪತ್ರಿಕೆ ಓದಲು ಬಂದ ಮುದುಕರು ನಿಂತೇ ಓದಬೇಕು. ಮಕ್ಕಳ ಮೂಲೆಯ ಸಣ್ಣ ಮೇಜುಗಳ ಮೇಲೂ ಸಂವಿಧಾನದ ನೋಟ್ಸು ಬಂದು ಕೂತಿದೆ, ಮಕ್ಕಳು ಬರುವುದು ನಿಂತಿದೆ. ಶಾಖೆಯನ್ನು ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುವ ವ್ಯವಸ್ಥೆ ಗಿರಣಿ ಪಾಳಿಯ ಕಾಲಕ್ಕೆ ಹೊಂದುತ್ತಿತ್ತೇನೋ. ಈಗ ಆ ಹೊತ್ತಿನಲ್ಲಿ ಹುಡುಗರು ಎದುರಿನ ಬೇವಿನ ಮರದ ಕೆಳಗೆ ಬೈಕುಗಳ ಮೇಲೆ ಕುಳಿತು ಓದುತ್ತಾರೆ. ಬೇಸಿಗೆಯಲ್ಲಿ ದಾವಣಗೆರೆಯ ಮಧ್ಯಾಹ್ನ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಅರ್ಧ ಅಂಕ ಇದಕ್ಕೇ ಕಳೆದಿದ್ದೇನೆ.

ಈ ಸೇವೆಯ ಅತ್ಯುತ್ತಮ ಭಾಗ ಈಗಿನ ಗ್ರಂಥಪಾಲಕಿ. ಎಲ್ಲರೂ ‘ಲೈಬ್ರರಿ ಮೇಡಂ’ ಎನ್ನುತ್ತಾರೆ. ಗ್ರಂಥಾಲಯ ವಿಜ್ಞಾನ ಓದಿ ಬಂದವರು. ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814 ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೆ ಅವರನ್ನು ಯಾರೂ ಅದನ್ನು ಕೇಳುವುದಿಲ್ಲ. ಕೇಳುವುದೆಲ್ಲ ಬೇರೆ: ಜಾತಿ ಪ್ರಮಾಣಪತ್ರದ ಅವಧಿ ಮುಗಿದಿದೆಯೇ, ಯುವನಿಧಿಗೆ ಪದವಿ ಮುಗಿದು ಎಷ್ಟು ದಿನ ಆಗಿರಬೇಕು, ಸೇವಾ ಸಿಂಧುವಿನಲ್ಲಿ ಫೋಟೊ ಏಕೆ ಏರುತ್ತಿಲ್ಲ, ಅರ್ಜಿಯಲ್ಲಿ ತಂದೆಯ ಹೆಸರು ತಪ್ಪಾದರೆ ತಿದ್ದಬಹುದೇ.

ಒಂದು ಸಂಜೆಯದು ಹೇಳುತ್ತೇನೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಬುಕ್ಕು, ಆಧಾರ್, ರೇಷನ್ ಕಾರ್ಡು ಸುತ್ತಿಕೊಂಡು ಬಂದಳು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾದಾಗಿನಿಂದ ತಿಂಗಳ ಎರಡು ಸಾವಿರ ಅವಳ ಕೈ ಸೇರಿರಲಿಲ್ಲ. ಬ್ಯಾಂಕಿನಲ್ಲಿ ‘ಬಂದಿಲ್ಲ’ ಎಂದರಂತೆ, ಇನ್ನೊಂದು ಕಚೇರಿಯಲ್ಲಿ ‘ಹಾಕಿದ್ದೇವೆ’ ಎಂದರಂತೆ. ‘ಇಬ್ಬರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ ನೋಡಮ್ಮ’ ಎಂದು ಕವರನ್ನು ಮೇಜಿನ ಮೇಲೆ ಸುರಿದಳು. ಮೇಡಂ ಪಾಸ್‌ಬುಕ್ಕು ತೆರೆಯಲೇ ಇಲ್ಲ. ‘ಅಜ್ಜೀ, ಇದಲ್ಲದೆ ನಿಮ್ಮ ಹೆಸರಿನಲ್ಲಿ ಬೇರೆ ಖಾತೆ ಏನಾದರೂ ಇದೆಯೇ?’

‘ಇಲ್ಲ.’

‘ಸಂಘದ ಸಾಲ ತೆಗೆದಿದ್ದಿರಾ?’

‘ಅದಾ? ಅದು ತೀರಿ ಎಷ್ಟೋ ಕಾಲವಾಯಿತಲ್ಲ.’

‘ಅದಕ್ಕೆ ಖಾತೆ ಮಾಡಿಸುವಾಗ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೇ?’

ಒತ್ತಿಸಿಕೊಂಡಿದ್ದರು. ಸರ್ಕಾರ ನೇರವಾಗಿ ಹಾಕುವ ಹಣ ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ನಾವು ಅರ್ಜಿಯ ಜೊತೆ ಯಾವ ಪಾಸ್‌ಬುಕ್ಕು ತೋರಿಸಿದೆವು ಎಂಬುದನ್ನು ಅದು ನೋಡುವುದಿಲ್ಲ. ಅಜ್ಜಿಯ ಹಣ ತಿಂಗಳು ತಿಂಗಳೂ ಅವಳು ಮರೆತೇಬಿಟ್ಟಿದ್ದ ಖಾತೆಯಲ್ಲಿ ಸೇರುತ್ತಿತ್ತು. ಯಾವ ಬ್ಯಾಂಕಿಗೆ ಹೋಗಿ ಏನು ಕೇಳಬೇಕು ಎಂದು ಮೇಡಂ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. ಆಧಾರ್ ಸಂಖ್ಯೆಯನ್ನು ಮಾತ್ರ ಬರೆದುಕೊಳ್ಳಲಿಲ್ಲ, ಕಾರ್ಡನ್ನು ಮಡಚಿ ಕವರಿನಲ್ಲಿಟ್ಟು ‘ಇದನ್ನು ಎಲ್ಲರ ಮುಂದೆ ಹೀಗೆ ಸುರಿಯಬೇಡಿ’ ಎಂದರು.

ಇದು ಗ್ರಂಥಪಾಲಕರ ಕೆಲಸವೇ ಎಂದು ಕೇಳಿದರೆ ನಾನು ಹೌದು ಎನ್ನುತ್ತೇನೆ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿ, ಕೊನೆಗಾಲವನ್ನು ಬೆಂಗಳೂರಿನಲ್ಲೇ ಕಳೆದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಹೇಳಿದರು. ಪುಸ್ತಕವಿರುವುದು ಬಳಕೆಗೆ ಎಂಬುದು ಮೊದಲನೆಯದು. ಓದುಗನ ಸಮಯ ಉಳಿಸಿ ಎಂಬುದು ನಾಲ್ಕನೆಯದು, ಗ್ರಂಥಾಲಯ ಬೆಳೆಯುವ ಜೀವಿ ಎಂಬುದು ಐದನೆಯದು. ಪ್ರತಿ ನವೆಂಬರಿನ ಗ್ರಂಥಾಲಯ ಸಪ್ತಾಹದಲ್ಲಿ ಅವರ ಫೋಟೊಗೆ ಹಾರ ಬೀಳುತ್ತದೆ, ಭಾಷಣದಲ್ಲಿ ಐದೂ ಸೂತ್ರ ಬರುತ್ತವೆ. ಕೇಳಲು ಬಂದವರಿಗೆ ತಮಗೆ ಬೇಕಾದದ್ದು ಏನೆಂಬುದೇ ಎಷ್ಟೋ ಸಲ ಸ್ಪಷ್ಟವಿರುವುದಿಲ್ಲ. ನಾಲ್ಕು ಪ್ರಶ್ನೆ ತಿರುಗಿ ಕೇಳಿ ಅದನ್ನು ಹೊರಗೆಳೆಯುವುದೇ ಪರಾಮರ್ಶನ ಸೇವೆಯ, ಅಂದರೆ ಕೇಳಿದವರಿಗೆ ಉತ್ತರ ಹುಡುಕಿಕೊಡುವ ಕೆಲಸದ, ಮೂಲ ವಿದ್ಯೆ. ಅಜ್ಜಿಯ ಮುಂದೆ ಮೇಡಂ ಮಾಡಿದ್ದು ಅದನ್ನೇ.

ದುರದೃಷ್ಟವೆಂದರೆ ಈ ಕೆಲಸ ಯಾವ ವಹಿಯಲ್ಲೂ ಏರುವುದಿಲ್ಲ. ಬಂದವರ ಸಹಿಗೆ ಒಂದು ಪುಸ್ತಕವಿದೆ, ಎರವಲು ಹೋದ ಪುಸ್ತಕಗಳಿಗೆ ಇನ್ನೊಂದು ಇದೆ. ಉತ್ತರ ಪಡೆದು ಹೋದವರಿಗೆ ಕಾಲಮ್ಮೇ ಇಲ್ಲ. ಎರವಲು ಇಳಿದಿದೆ ಎಂದು ಮೇಲಿನವರಿಗೆ ವರದಿ ಹೋದರೆ ಆ ಕಾಗದದ ಪ್ರಕಾರ ಈ ಶಾಖೆ ಸೊರಗುತ್ತಿದೆ. ಕೂತವರಿಗೆ ಕುರ್ಚಿ ಸಾಲುತ್ತಿಲ್ಲ ಎಂಬುದು ಅಲ್ಲಿ ಕಾಣುವುದಿಲ್ಲ. ಜಮಾ ಬರೆಯದೆ ಖರ್ಚು ಮಾತ್ರ ಬರೆದ ಖಾತೆಯನ್ನು ನಮ್ಮ ಅಂಗಡಿಯಲ್ಲಾದರೆ ಯಜಮಾನರು ಮುಖಕ್ಕೆ ಎಸೆಯುತ್ತಿದ್ದರು.

ಇನ್ನು ಪುಸ್ತಕದ ವಿಷಯ. ಕಳೆದ ಒಂದೂವರೆ ಅಂಕಗಳಲ್ಲಿ ಉಳಿದ ಒಂದು ಹೋದದ್ದು ಇಲ್ಲಿ. ದುರ್ಗದ ಪಾಳೆಯಗಾರರ ಮೇಲಿನ ದಪ್ಪ ಕಾದಂಬರಿಯೊಂದು ನಮ್ಮ ಶಾಖೆಯಲ್ಲಿದೆ, ಬೈಂಡಿಂಗ್ ಮಾಡಿಸಿ ಮಾಡಿಸಿ ಮೂಲ ರಕ್ಷಾಪುಟ ಯಾವ ಬಣ್ಣದ್ದೆಂದು ಯಾರಿಗೂ ನೆನಪಿಲ್ಲ. ಹಿಂದೆ ಅಂಟಿಸಿದ ದಿನಾಂಕದ ಚೀಟಿ ನೋಡಬೇಕು. 2005ರವರೆಗೆ ಮೊಹರಿನ ಮೇಲೆ ಮೊಹರು, ಓದಲಾಗದಷ್ಟು ದಟ್ಟ. ಆಮೇಲೆ ವರ್ಷಕ್ಕೊಂದು ಎರಡು. ಅದರ ಪಕ್ಕದ ಸಾಲಿನಲ್ಲಿರುವ ಎಷ್ಟೋ ಪುಸ್ತಕಗಳ ಚೀಟಿಯಲ್ಲಿ ಒಂದೂ ಮೊಹರಿಲ್ಲ. ಬಂದಾಗ ಇದ್ದ ಅಂಟಿನ ವಾಸನೆಯೊಂದಿಗೆ ಹಾಗೇ ನಿಂತಿವೆ.

ಇದಕ್ಕೆ ಕಾರಣ ಓದುಗರ ಸೋಮಾರಿತನ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಖರೀದಿ ನಡೆಯುವ ರೀತಿಯನ್ನೂ ನೋಡಿ. ಸಗಟು ಖರೀದಿ ಯೋಜನೆಯಲ್ಲಿ ಆಯ್ಕೆಯಾದ ಪುಸ್ತಕದ 300 ಪ್ರತಿಗಳವರೆಗೆ ಗ್ರಂಥಾಲಯ ಇಲಾಖೆ ಕೊಂಡು ರಾಜ್ಯದ ಗ್ರಂಥಾಲಯಗಳಿಗೆ ಹಂಚುತ್ತದೆ. ಬೆಲೆ ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ. ಸಣ್ಣ ಪ್ರಕಾಶಕರು ಬದುಕಿರುವುದು ಇದರಿಂದಲೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಯ್ಕೆ, ಆದೇಶ, ಪಾವತಿ ಎಲ್ಲ ವರ್ಷಗಟ್ಟಲೆ ಎಳೆಯುತ್ತದೆ ಎಂಬುದು ಪ್ರಕಾಶಕರ ಹಳೆಯ ಗೋಳು. ಅಂಗಡಿಯಲ್ಲಿ ಜನ ಕೇಳುತ್ತಿರುವ ಪುಸ್ತಕ ನಮ್ಮ ಶಾಖೆಗೆ ಬರುವಷ್ಟರಲ್ಲಿ ಕೇಳಿದವರು ಮರೆತಿರುತ್ತಾರೆ. ನಮ್ಮ ಓಣಿಯ ಓದುಗರಿಗೆ ಏನು ಬೇಕೆಂದು ಚೆನ್ನಾಗಿ ಗೊತ್ತಿರುವ ಮೇಡಂ ಕೈಯಲ್ಲಿ ಒಂದು ಪುಸ್ತಕ ಕೊಳ್ಳುವ ಅಧಿಕಾರವೂ ಇಲ್ಲ.

ಶೇ 6ರ ಹಣದ ಕಥೆಯೂ ಇದಕ್ಕೆ ತಳುಕು ಹಾಕಿಕೊಂಡಿದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಈ ಕರವನ್ನು ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ರಾಜ್ಯದ ಹಲವು ಕಡೆ ಈ ಬಾಕಿ ಬೆಳೆದು ನಿಂತಿರುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

2020ರಲ್ಲಿ ಬಂದ ಡಿಜಿಟಲ್ ಗ್ರಂಥಾಲಯದ ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊರೊನಾ ಕಾಲದಲ್ಲಿ ಮಗಳಿಗೆ ಪಠ್ಯದ ವಿಡಿಯೊಗಳು ಉಪಯೋಗಕ್ಕೆ ಬಂದವು. ನನಗೆ ಬೇಕಾದ ಕಾದಂಬರಿಗಳು ಸಿಕ್ಕಿದ್ದು ಕಡಿಮೆ. ಸಣ್ಣ ಪರದೆಯಲ್ಲಿ ಮುನ್ನೂರು ಪುಟ ಓದುವ ಕಣ್ಣೂ ನನ್ನದಲ್ಲ.

ಹೋಲಿಕೆಗೆ ಜಗಳೂರು ತಾಲ್ಲೂಕಿನ ಹೆಂಡತಿಯ ತವರಿನ ಗ್ರಂಥಾಲಯ ಹೇಳಬೇಕು. ಹಳ್ಳಿಯ ಗ್ರಂಥಾಲಯಗಳು ಈಗ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದು ‘ಅರಿವು ಕೇಂದ್ರ’ಗಳಾಗಿವೆ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂದು ಶುರುವಾಗಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಹಿಂದೆ ಅದು ಪಂಚಾಯಿತಿ ಕಟ್ಟಡದ ಮೂಲೆಯಲ್ಲಿ ರಸಗೊಬ್ಬರದ ಚೀಲಗಳ ಜೊತೆ ಇದ್ದ ಒಂದು ಕೋಣೆ. ಈಗ ಗೋಡೆಗೆ ಬಣ್ಣ, ಕಂಪ್ಯೂಟರು, ಸಂಜೆ ನೆಲದ ಮೇಲೆ ಚದುರಂಗ ಆಡುವ ಮಕ್ಕಳು. ಮೇಲ್ವಿಚಾರಕಿ ಅದೇ ಊರಿನವಳು, ಯಾವ ಮಗು ಶಾಲೆ ಬಿಟ್ಟಿದೆ ಎಂಬುದು ಅವಳಿಗೆ ಮೇಷ್ಟರಿಗಿಂತ ಮೊದಲು ಗೊತ್ತಾಗುತ್ತದೆ. ನನ್ನ ನಾದಿನಿಯ ಮಗಳು ರಜೆಯಲ್ಲಿ ಅಲ್ಲಿ ಜೋರಾಗಿ ಕಥೆ ಓದುತ್ತಾಳೆ, ಸುತ್ತ ಹತ್ತು ಮಕ್ಕಳು ಕೂರುತ್ತವೆ. ನಮ್ಮ ಶಾಖೆಯಲ್ಲಿ ಹಾಗೆ ಓದಿದರೆ ಪರೀಕ್ಷೆಯವರು ತಿನ್ನುವ ಹಾಗೆ ನೋಡಿಯಾರು. ಪುಸ್ತಕಗಳ ಸಂಖ್ಯೆಯಲ್ಲಿ ನಗರದ ಶಾಖೆ ಎಷ್ಟೋ ಮುಂದೆ, ಮಕ್ಕಳ ವಿಷಯದಲ್ಲಿ ಹಳ್ಳಿಯದೇ ಮೇಲು.

ಹೊಸದಾಗಿ ಸದಸ್ಯರಾಗುವವರಿಗೆ: ವಿಳಾಸದ ದಾಖಲೆ ಮತ್ತು ಠೇವಣಿ ಒಯ್ಯಿರಿ, ಸೋಮವಾರ ರಜೆ. ಕಾದಂಬರಿ ಬೇಕಾದವರು ಸಂಜೆ ಹೋಗಿ, ಆಗ ಬೀರುಗಳ ಮುಂದೆ ಓಡಾಡಲು ಜಾಗವಿರುತ್ತದೆ. ಬಾಗಿಲ ಬಳಿ ಓದುಗರ ಬೇಡಿಕೆಯ ಪುಸ್ತಕವೊಂದು ದಾರ ಕಟ್ಟಿ ತೂಗುತ್ತಿರುತ್ತದೆ, ಅದರಲ್ಲಿ ಬರೆಯಿರಿ. ಈಗ ಅದರ ತುಂಬ ಇರುವುದು ‘ಫ್ಯಾನ್ ರಿಪೇರಿ ಮಾಡಿಸಿ’ ಎಂಬ ಒಂದೇ ಬೇಡಿಕೆ, ಬೇರೆ ಬೇರೆ ಕೈಬರಹದಲ್ಲಿ. ಎಡಗಡೆ ಕಿಟಕಿಯ ಪಕ್ಕದ ಮೇಜು ಸದಾ ಖಾಲಿ ಇರುವುದು ಅದಕ್ಕೇ, ಅಲ್ಲಿ ಕೂರಬೇಡಿ.