ಐ3-12100ಎಫ್ ಮತ್ತು ರೈಜನ್ 5 5500: ಕಾರ್ಡ್ ಒಂದೇ, ಪಿಸಿ ಎರಡು

ಈ ಎರಡು ಪ್ರೊಸೆಸರ್‌ಗಳ ಬಾಕ್ಸ್ ಮೇಲಿನ ಅಂಕಿ ನೋಡಿದರೆ ಇದು ಪೈಪೋಟಿಯೇ ಅಲ್ಲ. ಒಂದರಲ್ಲಿ 4 ಕೋರ್ (ಲೆಕ್ಕ ಮಾಡುವ ಘಟಕ), ಇನ್ನೊಂದರಲ್ಲಿ 6. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ನಾನು ಇಂಟೆಲ್ ಐ3-12100ಎಫ್ ಕೇಳಿದಾಗ ಕೌಂಟರ್‌ನಲ್ಲಿದ್ದ ಹುಡುಗ ಹೇಳಿದ್ದೂ ಅದನ್ನೇ. "ಸಾರ್, ಅದೇ ದುಡ್ಡಿಗೆ ಆರು ಕೋರ್ ಬರುತ್ತೆ, ಐ3 ಯಾಕೆ?" ನಾನು ಐ3ಯನ್ನೇ ತಂದೆ. ಚಿಕ್ಕಪ್ಪನ ಮಗ ಹುಡುಗನ ಮಾತು ಕೇಳಿ ಎಎಂಡಿ ರೈಜನ್ 5 5500 ತಗೊಂಡ. ಎರಡೂ 2022ರಲ್ಲಿ ಮಾರುಕಟ್ಟೆಗೆ ಬಂದವು. ನಮಗೆ ಬಿದ್ದ ಬೆಲೆಯಲ್ಲಿ ಇದ್ದದ್ದು ಕೆಲವು ನೂರು ರೂಪಾಯಿ ವ್ಯತ್ಯಾಸ.

ಗ್ರಾಫಿಕ್ಸ್ ಕಾರ್ಡ್ ಮಾತ್ರ ನನ್ನ ಹತ್ತಿರ ಆರ್‌ಎಕ್ಸ್ 6600, ಅವನ ಹತ್ತಿರ ಹಳೇ ಜಿಟಿಎಕ್ಸ್ 1050 ಟಿಐ. ಎರಡು ವಾರ 6600 ಅನ್ನು ಈ ಕ್ಯಾಬಿನೆಟ್‌ನಿಂದ ಆ ಕ್ಯಾಬಿನೆಟ್‌ಗೆ ಬದಲಾಯಿಸುತ್ತಾ ಆಡಿ ನೋಡಿದೆವು.

ಮೊದಲ ದಿನವೇ ಅವನ ಪಿಸಿ ಕೈಕೊಟ್ಟಿತು. ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಅಂಗಡಿಯವರು ಕೊಟ್ಟಿದ್ದು ಹಳೇ ಸ್ಟಾಕಿನ ಬಿ450 ಮದರ್‌ಬೋರ್ಡ್. ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗದೆ ಅದಕ್ಕೆ 5500ರ ಗುರುತೇ ಸಿಗುತ್ತಿರಲಿಲ್ಲ. ವಾಪಸ್ ಹೋಗಿ ಅವರ ಕೈಯಲ್ಲೇ ಮಾಡಿಸಿಕೊಂಡು ಬಂದೆವು. ಎಎಂ4 (ಈ ರೈಜನ್ ಕೂರುವ ಸಾಕೆಟ್) ಬೋರ್ಡ್ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳುವಾಗ ಇದನ್ನು ಕೇಳಿಯೇ ದುಡ್ಡು ಕೊಡಿ. ನನ್ನ ಎಚ್610 ಬೋರ್ಡ್‌ನಲ್ಲಿ ಈ ರಗಳೆ ಇರಲಿಲ್ಲ. ಆದರೆ ಇಂಟೆಲ್ ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್ ಇದೆಯಲ್ಲ, ಮೂರು ಟಕ್ ಅಂತ ಕೂರುತ್ತವೆ, ನಾಲ್ಕನೆಯದನ್ನು ಒತ್ತುವಾಗ ಬೋರ್ಡೇ ಮುರಿಯಿತೇನೋ ಅನ್ನಿಸುತ್ತದೆ.

ಮೊದಲು ವ್ಯಾಲೊರಂಟ್ ಅನ್ನುವ ಶೂಟಿಂಗ್ ಆಟ. ಇಲ್ಲಿ ಐ3 ಗೆದ್ದಿತು, ಅದೂ ಸ್ವಲ್ಪದರಲ್ಲಲ್ಲ. ಈ ಥರದ ಆಟಕ್ಕೆ ಎಷ್ಟು ಕೋರ್ ಅನ್ನುವುದಕ್ಕಿಂತ ಒಂದೊಂದು ಕೋರ್ ಎಷ್ಟು ಚುರುಕು ಅನ್ನುವುದು ಮುಖ್ಯ. 12ನೇ ತಲೆಮಾರಿನ ಇಂಟೆಲ್ ಕೋರ್ ಆ ವಿಷಯದಲ್ಲಿ ಮುಂದಿದೆ. 5500ಕ್ಕೆ ಇನ್ನೊಂದು ಕೊರತೆ ಇದೆ. ಅದರ ಅಣ್ಣ 5600ಕ್ಕೆ 32 ಎಂಬಿ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) ಇದ್ದರೆ ಇದಕ್ಕೆ 16 ಎಂಬಿ ಮಾತ್ರ. ಹೆಸರಲ್ಲಿ ನೂರರ ವ್ಯತ್ಯಾಸ, ಒಳಗೆ ಅರ್ಧಕ್ಕರ್ಧ. ಹಾಗಂತ 144 ಹರ್ಟ್ಜ್ ಮಾನಿಟರ್‌ನಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ನನಗೆ ಸಿಗಲಿಲ್ಲ. ಮೂಲೆಯಲ್ಲಿ ಓಡುವ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ನಂಬರ್ ನೋಡಿ ಖುಷಿಪಟ್ಟೆ, ಅಷ್ಟೇ.

ಅವನು ಸುಮ್ನೆ ಬಿಡುತ್ತಾನಾ? "ಅಣ್ಣಾ, ನಾನು ಆಡೋ ಥರ ಆಡಿ ನೋಡು" ಅಂದ. ಅವನು ಆಡುವ ಥರ ಅಂದರೆ ಡಿಸ್ಕಾರ್ಡ್‌ನ ವಾಯ್ಸ್ ಚಾಟ್‌ನಲ್ಲಿ ನಾಲ್ಕು ಜನ, ಕ್ರೋಮ್‌ನಲ್ಲಿ ಹತ್ತಾರು ಟ್ಯಾಬ್, ಜೊತೆಗೆ ಓಬಿಎಸ್‌ನಲ್ಲಿ ರೆಕಾರ್ಡಿಂಗ್. ಎಲ್ಲ ತೆರೆದಿಟ್ಟು ಸೈಬರ್‌ಪಂಕ್ 2077 ಹಾಕಿದೆ. ಐ3 ಮೇಲೆ ನಿಂತ ಜಾಗದಲ್ಲಿ ಚೆನ್ನಾಗಿಯೇ ಇತ್ತು. ಕಾರು ಹತ್ತಿ ಊರೊಳಗೆ ಜೋರಾಗಿ ಓಡಿಸಿದೆ ನೋಡಿ, ಶುರುವಾಯಿತು. ಪ್ರತಿ ತಿರುವಿನಲ್ಲೂ ಒಂದು ಜರ್ಕ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಕೋರಿಗೆ ಎರಡರಂತೆ ಎಂಟೂ ಥ್ರೆಡ್ ನೆತ್ತಿಗೇರಿದ್ದವು. ಡಿಸ್ಕಾರ್ಡ್‌ನಲ್ಲಿ ನನ್ನ ಮಾತು ರೋಬೋ ಥರ ಕೇಳುತ್ತಿದೆ ಅಂತ ಅವನ ಗೆಳೆಯರು ನಕ್ಕರು. ಅದೇ ರಸ್ತೆ, ಅದೇ ಕಾರು, ಅದೇ ಕಾರ್ಡ್. ರೈಜನ್‌ನಲ್ಲಿ ಎಫ್‌ಪಿಎಸ್ ಏನೂ ಜಾಸ್ತಿ ಬರಲಿಲ್ಲ, ಆದರೆ ಆಟ ಎಲ್ಲೂ ತಡವರಿಸಲಿಲ್ಲ. ರೆಕಾರ್ಡಿಂಗ್ ಕೆಲಸವನ್ನು ಕಾರ್ಡ್‌ಗೆ ವಹಿಸಿದ ಮೇಲೆ ಐ3 ಉಸಿರಾಡಿತು, ನಿಜ. ಆದರೂ ಟ್ಯಾಬ್‌ಗಳನ್ನು ಮುಚ್ಚಿಯೇ ಆಡಬೇಕಾಯಿತು.

ಇಲ್ಲಿ ನಮ್ಮದೇ ಒಂದು ಎಡವಟ್ಟು ಹೇಳಬೇಕು. ಶುರುವಿನ ಮೂರು ದಿನ ರೈಜನ್ ಎಲ್ಲದರಲ್ಲೂ ಸೋಲುತ್ತಿತ್ತು, ನಾನು ಚೆನ್ನಾಗಿ ರೇಗಿಸಿದ್ದೆ. ಆಮೇಲೆ ನೋಡಿದರೆ ಅವನು ಹಾಕಿದ್ದು 16 ಜಿಬಿಯ ಒಂದೇ ರ‍್ಯಾಮ್, ನನ್ನದು 8 ಜಿಬಿಯ ಎರಡು. ಎರಡಿದ್ದರೆ ಮೆಮೊರಿಗೆ ದಾರಿಯೂ ಎರಡು, ವೇಗ ಜಾಸ್ತಿ. ಅವನಿಗೂ ಎರಡು ಹಾಕಿ ಮೊದಲಿಂದ ಆಡಿದೆವು. ಮೇಲೆ ಹೇಳಿದ್ದೆಲ್ಲ ಆಮೇಲಿನ ಲೆಕ್ಕ.

ಪಿಸಿಐಇ (ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ದಾರಿ) ವಿಷಯಕ್ಕೆ ಬಂದರೆ, 5500 ಹಳೇ 3.0ಕ್ಕೇ ನಿಲ್ಲುತ್ತದೆ. ಆರ್‌ಎಕ್ಸ್ 6600 ಬಳಸುವುದು 8 ಲೇನ್. 3.0ರಲ್ಲಿ ಅದಕ್ಕೆ ಸಿಗುವ ವೇಗ 4.0ರ ಅರ್ಧ. ಕಾರ್ಡ್‌ನ 8 ಜಿಬಿ ಮೆಮೊರಿ ತುಂಬದಿದ್ದಾಗ ಇದು ಗೊತ್ತಾಗಲೇ ಇಲ್ಲ. ಆದರೆ 4 ಲೇನ್‌ನ ಆರ್‌ಎಕ್ಸ್ 6500 ಎಕ್ಸ್‌ಟಿ ಹಾಕುವ ಯೋಚನೆ ಇದ್ದರೆ 5500 ತಂಟೆಗೆ ಹೋಗಬೇಡಿ.

ಮುಂದೆ ಬದಲಾಯಿಸುವ ಮಾತು ಬಂದಾಗ ಅವನ ಕೈ ಮೇಲು. ಅದೇ ಎಎಂ4 ಸಾಕೆಟ್‌ಗೆ 96 ಎಂಬಿ ಎಲ್3 ಇರುವ 5700ಎಕ್ಸ್3ಡಿ ಕೂರುತ್ತದೆ. ನನಗೂ 14ನೇ ತಲೆಮಾರಿನವರೆಗೆ ದಾರಿ ಇದೆ, ಆದರೆ ನನ್ನ ಅಗ್ಗದ ಎಚ್610 ಮೇಲೆ ದೊಡ್ಡ ಚಿಪ್ ಕೂರಿಸಲು ನನಗಂತೂ ಧೈರ್ಯವಿಲ್ಲ.

ಬರೀ ಆಟ ಆಡಿ ಎದ್ದು ಹೋಗುವ ನನಗೆ ಐ3 ಸಾಕು, ಈಗಲೂ ಅದನ್ನೇ ಕೊಳ್ಳುತ್ತೇನೆ. ಸ್ಟ್ರೀಮ್, ಎಡಿಟಿಂಗ್ ಅನ್ನುವವರಿಗೆ ಅದನ್ನು ಹೇಳಲಾರೆ. ಆದರೆ ಅವರೂ ಇನ್ನೊಂದಿಷ್ಟು ದುಡ್ಡು ಸೇರಿಸಿ 5600 ತಗೊಳ್ಳಲಿ.

ಕೊನೆ ದಿನ ಪ್ರೊಸೆಸರ್ ಮತ್ತು ಕೂಲರ್ ನಡುವಿನ ಪೇಸ್ಟ್ ಬದಲಾಯಿಸೋಣ ಅಂತ ಅವನ ಕೂಲರ್ ಎಳೆದೆ. ಲಾಕ್ ಹಾಕಿದ್ದರೂ ಪ್ರೊಸೆಸರ್ ಅದಕ್ಕೆ ಅಂಟಿಕೊಂಡೇ ಎದ್ದು ಬಂತು, ಎರಡು ಪಿನ್ ಬಾಗಿದ್ದವು. ಸ್ವಲ್ಪ ಹೊತ್ತು ಪಿಸಿ ಓಡಿಸಿ, ಬಿಸಿ ಇರುವಾಗ ಕೂಲರನ್ನು ತಿರುಚಿ ತೆಗೆಯಬೇಕಿತ್ತು. ಪೆನ್ ಪೆನ್ಸಿಲ್ ತುದಿಯಲ್ಲಿ ಒಂದೊಂದನ್ನೇ ನೆಟ್ಟಗೆ ಮಾಡುವಾಗ ಅವನು ಉಸಿರೇ ಬಿಡಲಿಲ್ಲ. ಪಿಸಿ ಆನ್ ಆಯಿತು. "ಅಣ್ಣಾ, ಇನ್ನು ನೀನು ಇದನ್ನ ಮುಟ್ಟಬೇಡ" ಅಂದ. ನನ್ನ 6600 ಆಗ ಅವನ ಪಿಸಿಯಲ್ಲಿತ್ತು. ಇನ್ನೂ ಅಲ್ಲೇ ಇದೆ.