ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸುವವರೇ, ಅದನ್ನು ಎಲ್ಲಿ ಕೂರಿಸಿದ್ದಾರೆ ಅಂತ ಗಾಡಿ ಕೆಳಗೆ ಇಣುಕಿ ನೋಡಿ

ಟರ್ಬೊ ಪೆಟ್ರೋಲ್ ಗಾಡಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿರುವ ಆಕ್ಸಿಜನ್ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣವನ್ನು ಗೇಜ್‌ನಲ್ಲಿ ತೋರಿಸುವ ಸೆನ್ಸರ್) ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಟ್ಯೂನಿಂಗ್ ಮಾಡ್ತೀವಿ ಅಂತ ಬೋರ್ಡ್ ಹಾಕಿಕೊಂಡಿರುವ ಒಂದು ಗ್ಯಾರೇಜಿನವರು ನನಗೆ ಮಾಡಿದ್ದು ಮೋಸ. ಬೇರೆ ಪದ ಸಿಗುತ್ತಿಲ್ಲ. ಎರಡು ಸೆನ್ಸರ್ ಸುಟ್ಟವು, ಎರಡಕ್ಕೂ ದುಡ್ಡು ಕೊಟ್ಟವನು ನಾನು.

ಮಾತಾಗಿದ್ದು ಇಷ್ಟೇ. ಟರ್ಬೊ ದಾಟಿದ ಮೇಲೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ, ಡೌನ್‌ಪೈಪ್‌ಗೆ (ಟರ್ಬೊದಿಂದ ಹೊಗೆ ಒಯ್ಯುವ ಪೈಪ್) ತೂತು ಕೊರೆದು ಹೊಸ ಬಂಗ್ (ಸೆನ್ಸರ್ ತಿರುಗಿಸಿ ಕೂರಿಸಲು ಥ್ರೆಡ್ ಇರುವ ಉಂಗುರ) ವೆಲ್ಡ್ ಮಾಡಿ ಅದರಲ್ಲಿ ಸೆನ್ಸರ್ ಕೂರಿಸುವುದು. ನನ್ನ ಗಾಡಿಯಲ್ಲಿ ಅಲ್ಲಿ ಬೇಕಾದಷ್ಟು ಜಾಗ ಇದೆ. 'ಮಾಡ್ತೀವಿ ಸರ್, ನಮಗೆ ಇದೇ ಕೆಲಸ' ಅಂದರು. ಬಿಲ್ಲಿನಲ್ಲಿ ವೆಲ್ಡಿಂಗ್ ಚಾರ್ಜ್ ಅಂತ ಬೇರೆ ಸಾಲು ಕೂಡ ಇತ್ತು. ಆ ಸಾಲು ನೆನಪಿಟ್ಟುಕೊಳ್ಳಿ.

ಊರೊಳಗೆ ಮೆಲ್ಲಗೆ ಓಡಿಸುವಾಗ ಗೇಜ್ ಚೆನ್ನಾಗೇ ತೋರಿಸುತ್ತಿತ್ತು. ಏರು ಹತ್ತುವಾಗ, ಇಂಜಿನ್‌ಗೆ ಲೋಡ್ ಬಿದ್ದಾಗ ರೀಡಿಂಗ್ ಅಡ್ಡಾದಿಡ್ಡಿ ಹೋಗಿ ಕೊನೆಗೆ ಎರರ್. ಮಿಕ್ಸ್ಚರ್ ಲೀನ್ ಆಗ್ತಿದೆಯಾ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬರ್ತಿಲ್ಲವಾ ಅಂತ ತಿಳಿಯಬೇಕಾಗಿರುವುದೇ ಲೋಡ್‌ನಲ್ಲಿ. ಅದಕ್ಕೇ ಅಲ್ಲವಾ ಈ ಗೇಜ್ ಹಾಕಿಸುವುದು? ವಾಪಸ್ ಒಯ್ದರೆ ಬಾನೆಟ್ ತೆಗೆದು ಐಡ್ಲಿಂಗ್‌ನಲ್ಲಿ ನಿಲ್ಲಿಸಿ, 'ನೋಡಿ ಸರ್, 14.7 ಬರ್ತಿದೆ, ಪರ್ಫೆಕ್ಟ್' ಅನ್ನುವುದು (ತೂಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಅಂತ). ಐಡ್ಲಿಂಗ್‌ನಲ್ಲಿ ಬರುತ್ತೆ ಮಾರಾಯ್ರೆ, ಅಲ್ಲಿ ಬಿಸಿ ಎಲ್ಲಿದೆ! ಕೊನೆಗೆ ಆ ಸೆನ್ಸರ್ ಪೂರ್ತಿ ಸತ್ತಿತು. 'ಪೀಸ್ ಡೂಪ್ಲಿಕೇಟ್ ಇರಬೇಕು ಸರ್' ಅಂದರು. ಅದನ್ನು ತರಿಸಿಕೊಟ್ಟವರೂ ಅವರೇ. ಇನ್ನೊಂದು ಹಾಕಿದರು. ಅದೂ ಅದೇ ದಾರಿ ಹಿಡಿಯಿತು. ಜೊತೆಗೆ ಚೆಕ್ ಇಂಜಿನ್ ಲೈಟ್, ಪೆಟ್ರೋಲ್ ಕುಡಿಯುವುದು ಜಾಸ್ತಿ.

ಆಮೇಲೆ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಗಾಡಿ ಲಿಫ್ಟ್‌ಗೆ ಏರಿಸಿದೆ. ಡೌನ್‌ಪೈಪ್ ಉದ್ದಕ್ಕೂ ಟಾರ್ಚ್ ಬಿಟ್ಟು ನೋಡಿದೆವು. ಎಲ್ಲೂ ಹೊಸ ವೆಲ್ಡಿಂಗ್ ಗುರುತೇ ಇಲ್ಲ. ಒಂದು ಚುಕ್ಕೆ ಕೂಡ ಇಲ್ಲ. ಅವರು ಮೇಲಕ್ಕೆ ಕೈ ತೋರಿಸಿ 'ಸರ್, ನಿಮ್ಮ ಸೆನ್ಸರ್ ಇಲ್ಲಿದೆ' ಅಂದರು. ಟರ್ಬೊಗೂ ಮುಂಚೆ, ಇಂಜಿನ್‌ನಿಂದ ಹೊಗೆ ನೇರವಾಗಿ ಬಂದು ಬೀಳುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ! ಕಂಪನಿ ಸೆನ್ಸರ್ ಇದ್ದ ತೂತಿನಿಂದ ಅದನ್ನು ಬಿಚ್ಚಿ, ಅದೇ ಥ್ರೆಡ್‌ಗೆ ವೈಡ್‌ಬ್ಯಾಂಡ್ ತಿರುಗಿಸಿ ಬಿಟ್ಟಿದ್ದಾರೆ. ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರ್) ಗೊತ್ತಾಗದಿರಲಿ ಅಂತ ವೈಡ್‌ಬ್ಯಾಂಡ್‌ನ ಕಂಟ್ರೋಲರ್‌ನಿಂದ ನ್ಯಾರೋಬ್ಯಾಂಡ್ ಸಿಗ್ನಲ್, ಅಂದರೆ ಕಂಪನಿ ಸೆನ್ಸರ್ ಕೊಡುವಂಥ ಸಿಗ್ನಲ್, ಎಳೆದು ಕೊಟ್ಟಿದ್ದಾರೆ. ಅದಕ್ಕೇ ಇದು ಸತ್ತ ಕೂಡಲೇ ಇಂಜಿನ್ ಕೂಡ ದಾರಿ ತಪ್ಪಿದ್ದು. ವೈರ್ ಹೊರಗೆ ಬರುವ ಜಾಗದ ರಬ್ಬರಿನಂಥ ಕವಚ ಕಂದು ಬಣ್ಣಕ್ಕೆ ತಿರುಗಿ, ಬೆರಳಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಆ ಮೆಕ್ಯಾನಿಕ್ ಎದುರು ನಿಲ್ಲಲು ನನಗೆ ನಾಚಿಕೆ ಆಯಿತು. ಮಾಡದ ವೆಲ್ಡಿಂಗಿಗೆ ಬಿಲ್ ಕಟ್ಟಿ ಬಂದಿದ್ದೆ. ಮಾಡದ ವೆಲ್ಡಿಂಗಿಗೆ!

ಯಾಕೆ ಸುಡುತ್ತೆ ಅಂದರೆ, ಬಾಷ್ ಎಲ್‌ಎಸ್‌ಯು 4.9 ಥರದ ಸೆನ್ಸರ್ ಒಳಗಿನ ಸೆರಾಮಿಕ್ ಅನ್ನು ಅದರದೇ ಹೀಟರ್ ಸುಮಾರು 780 ಡಿಗ್ರಿಗೆ ಹಿಡಿದಿಡುತ್ತೆ. ಕಂಟ್ರೋಲರ್ ಹೀಟರ್‌ಗೆ ಕರೆಂಟ್ ಕಡಿಮೆ ಮಾಡಬಹುದು, ತಣ್ಣಗೆ ಮಾಡಲಾರದು. ಹೊರಗಿನ ಬಿಸಿ ಜಾಸ್ತಿಯಾದರೆ ಅದರ ಕೈಯಲ್ಲಿ ಏನೂ ಇಲ್ಲ. ಸ್ಪ್ಯಾನರ್ ಹಾಕುವ ಷಡ್ಭುಜ ಭಾಗ 600 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಹೊಗೆ 930 ಮೀರಬಾರದು, ವೈರ್ ಹೊರಬರುವ ಕಡೆ 250 ಮೀರಬಾರದು. ಲೋಡ್‌ನಲ್ಲಿರುವ ಟರ್ಬೊ ಪೆಟ್ರೋಲ್ ಇಂಜಿನ್‌ನ ಮ್ಯಾನಿಫೋಲ್ಡ್‌ನಲ್ಲಿ ಇದೆಲ್ಲ ಉಳಿಯುತ್ತಾ? ಮೇಲಾಗಿ ಟರ್ಬೊಗೆ ಮುಂಚೆ ಇರುವ ಒತ್ತಡ ರೀಡಿಂಗನ್ನೇ ತಪ್ಪಿಸುತ್ತೆ. ಅಂದರೆ ಸೆನ್ಸರ್ ಬದುಕಿದ್ದಾಗಲೂ ನಾನು ನೋಡುತ್ತಿದ್ದ ನಂಬರ್ ನಂಬುವಂಥದ್ದಲ್ಲ.

ಫೋಟೊ ತೆಗೆದುಕೊಂಡು ಹೋಗಿ ಕೇಳಿದೆ. ಮೊದಲ ಉತ್ತರ: 'ನಾವು ಎಲ್ಲಾ ಗಾಡಿಗೂ ಇಲ್ಲೇ ಹಾಕೋದು ಸರ್, ಯಾರೂ ಕಂಪ್ಲೇಂಟ್ ಮಾಡಿಲ್ಲ.' ವೆಲ್ಡಿಂಗ್ ಚಾರ್ಜ್ ಯಾಕೆ ಹಾಕಿದಿರಿ ಅಂದೆ. 'ಅದು ಲೇಬರ್ ಲೆಕ್ಕ ಸರ್, ಹೆಸರು ಹಾಗೆ ಬರೆದಿರ್ತಾರೆ.' ಸೆನ್ಸರ್ ಸುಟ್ಟಿದ್ದಕ್ಕೆ? 'ನೀವು ಜೋರಾಗಿ ಓಡಿಸ್ತೀರ.' ಕಂಪನಿ ಸೆನ್ಸರ್ ವಾಪಸ್ ಕೊಡಿ ಅಂದರೆ, 'ಅದು ಹಾಳಾಗಿತ್ತು, ಎಸೆದ್ವಿ.' ಸರಿ ಇದ್ದ ಸೆನ್ಸರ್ ರೀ ಅದು! ಕೇಳದೆ ಬಿಚ್ಚಿ, ಹೇಳದೆ ಎಸೆದಿದ್ದಾರೆ. ಕೊನೆಗೆ ಒಳಗಿಂದ ಯಜಮಾನರು ಬಂದು, 'ಅಷ್ಟು ಗೊತ್ತಿದ್ರೆ ನೀವೇ ಹಾಕ್ಕೋಬಹುದಿತ್ತಲ್ಲ ಸರ್' ಅಂದರು. ಅಲ್ಲಿ ಕೂತಿದ್ದ ಬೇರೆ ಗಿರಾಕಿಗಳೆಲ್ಲ ನನ್ನ ಮುಖ ನೋಡಿದರು. ಆ ಮಾತು ಇವತ್ತಿಗೂ ಉರಿಯುತ್ತೆ.

ಹಾಕಿಸುವ ಮುಂಚೆ ಜಾಗಕ್ಕೆ ಚಾಕ್‌ನಲ್ಲಿ ಗುರುತು ಮಾಡಿಸಿ. ಟರ್ಬೊ ಇದ್ದರೆ ಅದರಿಂದ ಹೊಗೆ ಹೋಗುವ ದಿಕ್ಕಿನಲ್ಲಿ ಸುಮಾರು 60ರಿಂದ 90 ಸೆಂಟಿಮೀಟರ್ ದೂರ. ತೀರಾ ಬಾಲದ ಕಡೆಗೂ ಬೇಡ, ಹೊರಗಿನ ಗಾಳಿ ಸೇರಿ ಲೀನ್ ತೋರಿಸುತ್ತೆ. ಸೆನ್ಸರ್ ಪೈಪಿನ ಮೇಲರ್ಧದಲ್ಲಿ, ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಎತ್ತಿ ಕೂತಿರಲಿ. ಕೆಳಮುಖವಾದರೆ ಪೈಪ್‌ನ ನೀರು ಬಿದ್ದು ಬಿಸಿ ಸೆರಾಮಿಕ್ ಬಿರುಕು ಬಿಡುತ್ತೆ. ಜಾಗವೇ ಇಲ್ಲದೆ ಹತ್ತಿರ ಹಾಕಲೇಬೇಕಾದರೆ ಬಿಸಿ ಹೊರಹಾಕುವ ತಾಮ್ರದ ರೆಕ್ಕೆಗಳಿರುವ ಎಕ್ಸ್‌ಟೆನ್ಶನ್ ಬಂಗ್ ಸಿಗುತ್ತೆ, ಕೇಳಿ. ವೆಲ್ಡಿಂಗ್ ಮಾಡುವಾಗ ಎದುರಿಗೇ ನಿಲ್ಲಿ, ಒಳಗೆ ಬಿಡೋದಿಲ್ಲ ಅಂದರೆ ಅಲ್ಲಿ ಕೆಲಸ ಕೊಡಬೇಡಿ. ಬಿಚ್ಚಿದ ಹಳೆ ಪಾರ್ಟ್ ಕೈಗೆ ಬರುವವರೆಗೆ ಬಿಲ್ ಕಟ್ಟಬೇಡಿ.

ಈಗ ಆ ಇನ್ನೊಬ್ಬ ಮೆಕ್ಯಾನಿಕ್ ಡೌನ್‌ಪೈಪ್‌ನಲ್ಲಿ ಬಂಗ್ ಹಾಕಿದ್ದಾರೆ, ಕಂಪನಿ ತೂತಿಗೆ ಹೊಸ ನ್ಯಾರೋಬ್ಯಾಂಡ್ ತಂದು ಹಾಕಿದ್ದಾರೆ. ಏರಿನಲ್ಲೂ ಎರರ್ ಬಂದಿಲ್ಲ. ಇದೆಲ್ಲದರ ಖರ್ಚೂ ನನ್ನದೇ. ಹಳೆ ಗ್ಯಾರೇಜಿನವರು ಈಗ ನನ್ನ ಫೋನ್ ಎತ್ತುತ್ತಿಲ್ಲ.