ಇಂಡಿಯಾ ಮಾರ್ಕ್ 2 ಕೈಪಂಪು: ಮೇಲಿನದಕ್ಕೆ ಪೂರ್ತಿ ಅಂಕ, ಕೆಳಗಿನದಕ್ಕೆ ಅರ್ಧ

ಬೋರ್‌ವೆಲ್‌ಗೆ ಕೈಪಂಪು ಹಾಕಿಸಲು ಹೊರಟ ಪಂಚಾಯಿತಿಯವರೋ ಶಾಲೆಯವರೋ ಮೊದಲು ಕೇಳುವುದು ಆಳದ ಮಾತು. ಪಿಸ್ಟನ್ ಸುತ್ತ ನೀರು ಸೋರದಂತೆ ತಡೆಯುವ ವಾಷರ್ ಸವೆದ ದಿನ ಪಂಪು ಬಿಚ್ಚಲು ಎಷ್ಟು ಜನ ಬೇಕು ಎಂದು ಕೇಳುವವರು ಕಡಿಮೆ. ಮಾರ್ಕ್ 2 ಕೊಳ್ಳಬೇಕೋ ಅದನ್ನೇ ತಿದ್ದಿ ಮಾಡಿದ ಮಾರ್ಕ್ 3 ಕೊಳ್ಳಬೇಕೋ ಎನ್ನುವುದು ತೀರ್ಮಾನವಾಗುವುದು ಅಲ್ಲೇ.

ಮಾರ್ಕ್ 2ರ ಮೇಲ್ಭಾಗಕ್ಕೆ ಹೆಸರಿಡುವಂತಿಲ್ಲ. ಅದಕ್ಕೂ ಮುಂಚೆ ಹಳ್ಳಿಗಳಲ್ಲಿದ್ದವು ಎರಕದ ಕಬ್ಬಿಣದ ಪಂಪುಗಳು. ಯುರೋಪ್, ಅಮೆರಿಕದಲ್ಲಿ ಒಂದೊಂದು ಮನೆಗೆಂದು ಮಾಡಿದ್ದರ ನಕಲು. ಒಂದು ಮನೆಯ ಪಂಪನ್ನು ಊರಿಗೆ ಊರೇ ನಸುಕಿನಿಂದ ಹೊಡೆದರೆ ಮುರಿಯದೆ ಇನ್ನೇನಾದೀತು? ಸೊಲ್ಲಾಪುರದಲ್ಲಿ ಮಿಷನರಿಗಳು ಉಕ್ಕು ವೆಲ್ಡ್ ಮಾಡಿ ಕಟ್ಟಿದ್ದ ಪಂಪನ್ನು ಬುಡವಾಗಿಟ್ಟುಕೊಂಡು, ಯುನಿಸೆಫ್ ಮತ್ತು ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡ್ಡಾಸ್ 1970ರ ದಶಕದಲ್ಲಿ ಇದನ್ನು ರೂಪಿಸಿದವು. ಪೇಟೆಂಟ್ ಇಲ್ಲ, ಯಾರು ಬೇಕಾದರೂ ಮಾಡಬಹುದು; ಅಳತೆ ಎಲ್ಲರಿಗೂ ಒಂದೇ ಆದ್ದರಿಂದ ಒಬ್ಬರು ಮಾಡಿದ ಪಂಪಿಗೆ ಇನ್ನೊಬ್ಬರ ಬಿಡಿಭಾಗ ಕೂರುತ್ತದೆ.

ಬೋರಿನೊಳಗೆ ನೀರಿನಲ್ಲಿ ಮುಳುಗಿರುವ ಸಿಲಿಂಡರಿನ ವ್ಯಾಸ 63.5 ಮಿಮೀ, ಅದರಲ್ಲಿ ಪಿಸ್ಟನ್ ಓಡುವುದು 125 ಮಿಮೀ. ಒಮ್ಮೆ ಪೂರ್ತಿ ಒತ್ತಿದರೆ 400 ಮಿಲಿ ಹತ್ತಿರ ನೀರು, 40 ಸಲ ಒತ್ತಿದರೆ 15 ಲೀಟರಿನ ಕೊಡ ತುಂಬಬೇಕು. 40 ಮೀಟರ್ ಆಳದಿಂದ ಎತ್ತುವಾಗ ಪಿಸ್ಟನ್ ಮೇಲೆ 125 ಕೆಜಿಯಷ್ಟು ನೀರಿನ ಭಾರ. ಹಿಡಿಕೆಯ ಅನುಪಾತ 8:1 ಇರುವುದರಿಂದ ಕೈಗೆ ತಟ್ಟುವುದು 16 ಕೆಜಿ ಆಸುಪಾಸು. ಹಿಡಿಕೆಯನ್ನು ಗಟ್ಟಿ ಉಕ್ಕಿನ ಸರಳಿನಲ್ಲಿ ಮಾಡಿದ್ದೂ ಲೆಕ್ಕಾಚಾರದಿಂದಲೇ: ಪಿಸ್ಟನ್ ಎಳೆಯಲು ಒಳಗೆ ನೇತಾಡುವ ರಾಡುಗಳ ತೂಕಕ್ಕೆ ಅದು ತಕ್ಕಡಿಯ ಬಟ್ಟಿನಂತೆ.

ಹಿಡಿಕೆಗೂ ರಾಡಿಗೂ ನಡುವೆ ಇರುವುದು ಚೈನು. ಅದು ನೆಟ್ಟಗೆ ಎಳೆಯುತ್ತದೆ, ರಾಡು ಅಕ್ಕಪಕ್ಕ ವಾಲುವುದಿಲ್ಲ. ಆದರೆ ಚೈನಿಗೆ ತಳ್ಳಲು ಬರುವುದಿಲ್ಲ, ರಾಡು ತನ್ನ ತೂಕದಿಂದಲೇ ಇಳಿಯಬೇಕು. 20 ಮೀಟರಿಗಿಂತ ಕಡಿಮೆ ಆಳದಲ್ಲೇ ಸಿಲಿಂಡರ್ ಕೂರಿಸಿದರೆ ರಾಡಿನ ತೂಕ ಸಾಲದೆ ಚೈನು ಮಡಿಚಿಕೊಂಡು ಹಿಡಿಕೆ ಜರ್ಕ್ ಹೊಡೆಯುತ್ತದೆ. ನೀರು ಮೇಲೇ ಇರುವ ಜಾಗಕ್ಕೆ ಈ ಪಂಪು ಬೇಡ.

ಅಂಕ ಕಳೆಯುವುದು ಕೆಳಗೆ. ಪಿಸ್ಟನ್ನಿನ ವಾಷರ್ ಅಂಗೈಯಲ್ಲಿ ಹಿಡಿಯುವ ವಸ್ತು. ಅದನ್ನು ಬದಲಿಸಲು ಮಾರ್ಕ್ 2ರಲ್ಲಿ 32 ಮಿಮೀ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ರಾಡು, ಸಿಲಿಂಡರ್ ಎಲ್ಲವನ್ನೂ ಮೇಲೆತ್ತಬೇಕು. 40 ಮೀಟರ್ ಆಳವೆಂದರೆ ಪೈಪಿನೊಳಗಿನ ನೀರೂ ಸೇರಿ ತೂಕ 200 ಕೆಜಿ ದಾಟುತ್ತದೆ. ನಾಲ್ಕು ಆಳು, ವಿಶೇಷ ಉಪಕರಣ, ಅವನ್ನು ಹೊತ್ತು ತರುವ ತಾಲ್ಲೂಕಿನ ಗಾಡಿ, ಇಷ್ಟೂ ಬೇಕು. ಗಾಡಿ ಬರುವ ತನಕ ಕೊಡ ಹಿಡಿದವರು ಮುಂದಿನ ಕೇರಿಗೆ ನಡೆಯಬೇಕು. ನೀರು ಎತ್ತುವವರ ತೋಳನ್ನು ಅಷ್ಟು ಲೆಕ್ಕ ಹಾಕಿದವರು ರಿಪೇರಿ ಮಾಡುವವರ ತೋಳನ್ನು ಮರೆತುಬಿಟ್ಟರು.

ಮಾರ್ಕ್ 3 ಬಂದದ್ದು ಇದನ್ನು ಸರಿಪಡಿಸಲು. ಪೈಪು 65 ಮಿಮೀ, ಸಿಲಿಂಡರಿಗಿಂತ ದೊಡ್ಡದು. ಪಂಪಿನ ತಲೆ ಕಳಚಿ ರಾಡುಗಳನ್ನಷ್ಟೇ ಎಳೆದರೆ ಪಿಸ್ಟನ್ ಜೊತೆಗೇ ಬರುತ್ತದೆ, ತಳದ ವಾಲ್ವನ್ನೂ ಪೈಪಿನೊಳಗಿಂದಲೇ ತೆಗೆಯಬಹುದು. 30 ಮೀಟರಿಗೆ ರಾಡಿನ ತೂಕ ಸುಮಾರು 27 ಕೆಜಿ. ಊರಿನ ಇಬ್ಬರಿಗೆ ಸಾಕಾಗುವ ಕೆಲಸ. ಬೆಲೆ ಜಾಸ್ತಿ, ಪೈಪು ಎರಡರಷ್ಟು ಭಾರ, ಮೊದಲ ಸಲ ಇಳಿಸುವಾಗ ಬೆವರು ಹರಿಯುತ್ತದೆ. ಆದರೂ 30 ಮೀಟರಿನೊಳಗೆ ಸಿಲಿಂಡರ್ ಕೂರುವ ಕಡೆ ನಮ್ಮ ಆಯ್ಕೆ ಇದೇ.

ಯಾವುದೇ ಇರಲಿ, ಕೈಯೇ ರೋಗ ಹೇಳುತ್ತದೆ. ಹಿಡಿಕೆ ಇದ್ದಕ್ಕಿದ್ದಂತೆ ಹಗುರಾಗಿ ನೀರೇ ಇಲ್ಲವೆಂದರೆ ರಾಡಿನ ಜೋಡಣೆ ಬಿಚ್ಚಿರುವ ಸಂಭವ ಹೆಚ್ಚು. ಬೆಳಿಗ್ಗೆ ಹತ್ತಿಪ್ಪತ್ತು ಸಲ ಒತ್ತಿದ ಮೇಲೆಯೇ ನೀರು ಬಂದು, ಆಮೇಲೆ ಸರಿಯಾಗಿ ಸುರಿದರೆ ತಳದ ವಾಲ್ವ್ ಅಥವಾ ಪೈಪು ಸೋರುತ್ತಿದೆ. ಕೊಡ ತುಂಬಲು 40ರ ಬದಲು 60 ಸಲ ಬೇಕಾದರೆ ವಾಷರ್ ಸವೆದಿದೆ. ನೀರು ಕೆಂಪಗೆ ಬಂದರೆ ಜಿಐ ಪೈಪು ತುಕ್ಕು ಹಿಡಿಯುತ್ತಿರಬಹುದು; ಪಿಎಚ್ 6.5ಕ್ಕಿಂತ ಕಡಿಮೆ ಇರುವ, ಅಂದರೆ ಹುಳಿ ಗುಣದ ನೀರಿಗೆ ಜಿಐ ಪೈಪು ಹಾಕಲೇಬಾರದು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡದಂಥ ಕಡೆ ಪಂಪು ಇಳಿಸುವ ಮೊದಲು ಫ್ಲೋರೈಡ್ ಪರೀಕ್ಷೆ ಮಾಡಿಸಿ, ಪಂಪು ಅದನ್ನು ಸೋಸುವುದಿಲ್ಲ.

ಕಟ್ಟೆಯ ಕೆಲಸದಲ್ಲಿ ಕಂಟ್ರಾಕ್ಟರ್ ಅವಸರ ಮಾಡುತ್ತಾರೆ. ಪಂಪಿನ ಮೂರು ಕಾಲು ಕೂತ ಕಾಂಕ್ರೀಟಿಗೆ 7 ದಿನ ನೀರುಣಿಸಿ, ಅಲ್ಲಿಯವರೆಗೆ ಯಾರೂ ಹೊಡೆಯದಂತೆ ಮುಳ್ಳು ಹಾಕಿ. ಹಸಿ ಕಾಂಕ್ರೀಟು ಅಲುಗಿದರೆ ಬಿರುಕಿನಿಂದ ಬಚ್ಚಲ ನೀರು ಬೋರಿಗೇ ಇಳಿಯುತ್ತದೆ.

ಆರ್ಡರಿನಲ್ಲಿ ಐಎಸ್ 15500 (ಈ ಪಂಪುಗಳ ಭಾರತೀಯ ಮಾನಕ) ಗುರುತು ಕೇಳಿ. ಚರ್ಮದ ವಾಷರ್ ತೋರಿಸಿದರೆ ಬೇಡವೆಂದು ನೈಟ್ರೈಲ್ ರಬ್ಬರಿನದನ್ನೇ ಬರೆಸಿ. ಒಂದು ಚೈನು, ಒಂದು ಜೊತೆ ಬೇರಿಂಗ್, ಉಪಕರಣದ ಪೆಟ್ಟಿಗೆ ಅದೇ ಬಿಲ್ಲಿನಲ್ಲಿ ಬರಲಿ. ಪೆಟ್ಟಿಗೆ ತಾಲ್ಲೂಕು ಕಚೇರಿಯಲ್ಲಿ ಬೇಡ, ಪಂಪಿಗೆ ಹತ್ತಿರದ ಮನೆಯಲ್ಲಿರಲಿ.